ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಟರ್ಕಿ ಕೋಳಿ: ಆ ಜಾಗ ಅದಕ್ಕೆ ಸಲ್ಲಬೇಕೇ?

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದ ಬಹುತೇಕ ಮನೆಗಳ ಊಟದ ಮೇಜಿನ ನಟ್ಟನಡುವೆ ಬಂದು ಕೂರುವುದು ಒಂದೇ ಪದಾರ್ಥ. ಇಡಿಯಾಗಿ ಬೇಯಿಸಿದ, ಚರ್ಮ ಹೊಂಬಣ್ಣಕ್ಕೆ ತಿರುಗಿದ ಟರ್ಕಿ ಕೋಳಿ. ಥ್ಯಾಂಕ್ಸ್‌ಗಿವಿಂಗ್ ಎಂಬ ಈ ಒಂದು ಹಬ್ಬಕ್ಕೇ ಸುಮಾರು 4.6 ಕೋಟಿ ಟರ್ಕಿಗಳು ಬೇಕಾಗುತ್ತವೆ ಎಂಬುದು ಅಲ್ಲಿನ ರಾಷ್ಟ್ರೀಯ ಟರ್ಕಿ ಒಕ್ಕೂಟದ ಅಂದಾಜು. ಕ್ರಿಸ್‌ಮಸ್ಸಿಗೆ ಮತ್ತೆ ಎರಡು ಕೋಟಿಗೂ ಹೆಚ್ಚು.

ಇಷ್ಟು ಬೇಡಿಕೆ ಇದ್ದರೂ ಹಬ್ಬ ಹತ್ತಿರವಾದಂತೆ ಪ್ರತಿ ವರ್ಷ ಅದೇ ವಾದ ಏಳುತ್ತದೆ. ಟರ್ಕಿ ಮಾಂಸ ಒಣ, ಸಪ್ಪೆ, ಬೇಯಿಸುವುದೂ ದೊಡ್ಡ ರಗಳೆ. ವರ್ಷದ ಬೇರೆ ದಿನ ಯಾರೂ ಇಡಿಯಾಗಿ ತಂದು ಬೇಯಿಸದ ಹಕ್ಕಿಗೆ ಹಬ್ಬದ ದಿನ ಯಾಕಿಷ್ಟು ಮರ್ಯಾದೆ ಎಂದು ಒಂದು ಕಡೆಯವರು ಕೇಳುತ್ತಾರೆ. ಟರ್ಕಿ ಇಲ್ಲದ ಮೇಲೆ ಅದು ಹಬ್ಬವೇ ಅಲ್ಲ ಎಂದು ಇನ್ನೊಂದು ಕಡೆಯವರು ಪಟ್ಟು ಹಿಡಿಯುತ್ತಾರೆ.

ಈ ಜಗಳದಲ್ಲಿ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಟರ್ಕಿಗೆ ಚರಿತ್ರೆಯ ಬಲ ಇದೆಯೇ? ಅದು ತಿನ್ನಲು ರುಚಿಯೇ? ಖರ್ಚಿಗೂ ಶ್ರಮಕ್ಕೂ ತಕ್ಕದ್ದೇ? ಆ ಹಕ್ಕಿ ಬದುಕುವ ಬದುಕು ಹಬ್ಬದ ಊಟಕ್ಕೆ ಒಪ್ಪುವಂಥದ್ದೇ? ಇವನ್ನು ಬಿಡಿಸಿ ಒಂದೊಂದಾಗಿ ನೋಡಿದರೆ ಖಚಿತವಾದ ಉತ್ತರ ಸಿಗುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಜಾಗ ಟರ್ಕಿಗೆ ಸಲ್ಲಬೇಕಾದದ್ದೇ. ಆದರೆ ಇಂದು ಆ ಜಾಗದಲ್ಲಿ ಕೂರಿಸುತ್ತಿರುವ ತಳಿಗೂ, ಅದನ್ನು ಇಡಿಯಾಗಿಯೇ ಬೇಯಿಸಬೇಕೆಂಬ ಹಟಕ್ಕೂ ಈ ಮಾತು ಅನ್ವಯಿಸುವುದಿಲ್ಲ.

1621ರ ಔತಣದಲ್ಲಿ ಏನಿತ್ತು?

ಮೊದಲು ಚರಿತ್ರೆಯ ಪ್ರಶ್ನೆ. ಟರ್ಕಿಯ ಹಕ್ಕನ್ನು ಹಲವರು ಕಟ್ಟುವುದು 1621ರ ಒಂದು ಔತಣದ ಮೇಲೆ. 1620ರ ಕೊನೆಯಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಇಂದಿನ ಮ್ಯಾಸಚೂಸೆಟ್ಸ್ ಕರಾವಳಿಗೆ ಬಂದ 102 ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಉಳಿದವರು ಪ್ಲಿಮತ್‌ನಲ್ಲಿ ನೆಲೆಯೂರಿದರು. ಅವರಿಗೆ ಮುಸುಕಿನ ಜೋಳ ಬಿತ್ತಿ ಬೆಳೆಯುವುದನ್ನು ಹೇಳಿಕೊಟ್ಟವನು ಟಿಸ್ಕ್ವಾಂಟಮ್ ಎಂಬ ಸ್ಥಳೀಯ. 1621ರ ಶರತ್ಕಾಲದಲ್ಲಿ ಬೆಳೆ ಕೈಗೆ ಬಂದಾಗ ಅವರು ಸುಗ್ಗಿಯ ಔತಣ ಮಾಡಿದರು.

ಆ ಔತಣವನ್ನು ಕಣ್ಣಾರೆ ಕಂಡವರ ವಿವರವೆಂದು ನಮಗೆ ಉಳಿದಿರುವುದು ಎಡ್ವರ್ಡ್ ವಿನ್ಸ್‌ಲೋ ಬರೆದ ಒಂದು ಪತ್ರ. ಅದರಲ್ಲಿ ಊಟದ ಮಾತು ಬಹಳ ಚಿಕ್ಕದು. ನಾಲ್ವರು ಹಕ್ಕಿ ಬೇಟೆಗೆ ಹೋಗಿ ಒಂದೇ ದಿನದಲ್ಲಿ ಎಲ್ಲರಿಗೂ ಸುಮಾರು ಒಂದು ವಾರಕ್ಕೆ ಸಾಲುವಷ್ಟು ಹೊಡೆದು ತಂದರು. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್ ತನ್ನ 90 ಮಂದಿಯೊಡನೆ ಬಂದು ಮೂರು ದಿನ ಇದ್ದ. ಅವನ ಕಡೆಯವರು ಐದು ಜಿಂಕೆ ಹೊಡೆದು ತಂದುಕೊಟ್ಟರು. ಯಾವ ಹಕ್ಕಿ ಎಂದು ವಿನ್ಸ್‌ಲೋ ಬರೆಯಲಿಲ್ಲ. ಕರಾವಳಿಯಲ್ಲಿ ವಲಸೆ ಹಕ್ಕಿಗಳು ಇಳಿಯುವ ಕಾಲ ಅದು. ಬಾತು, ಹೆಬ್ಬಾತುಗಳೇ ಹೆಚ್ಚು ಸಿಕ್ಕಿರಬೇಕು. ಆದರೆ ಪ್ಲಿಮತ್‌ನ ಗವರ್ನರ್ ವಿಲಿಯಂ ಬ್ರಾಡ್‌ಫೋರ್ಡ್ ತನ್ನ ಚರಿತ್ರೆಯಲ್ಲಿ, ಅದೇ ಶರತ್ಕಾಲದ ಬಗ್ಗೆ ಬರೆಯುತ್ತ, ಕಾಡು ಟರ್ಕಿಗಳು ಹೇರಳವಾಗಿ ಸಿಕ್ಕವು ಎನ್ನುತ್ತಾನೆ. ಎರಡನ್ನೂ ಕೂಡಿಸಿದರೆ ಹೇಳಬಹುದಾದದ್ದು ಇಷ್ಟು: ಟರ್ಕಿ ಆ ಮೇಜಿನ ಮೇಲೆ ಇದ್ದಿರಬಹುದು, ಆದರೆ ಅಂದಿನ ಬಾಡೂಟದಲ್ಲಿ ಹೆಸರು ಹಿಡಿದು ಹೇಳಿರುವುದು ಜಿಂಕೆಯನ್ನು, ಅದನ್ನು ತಂದವರು ವಾಂಪನೋಗರು.

ಪ್ಲಿಮತ್‌ನವರಿಗೆ ಅದು ಥ್ಯಾಂಕ್ಸ್‌ಗಿವಿಂಗ್ ಆಗಿರಲೂ ಇಲ್ಲ. ಕೃತಜ್ಞತೆಯ ದಿನವೆಂದರೆ ಅವರ ಪಂಥದಲ್ಲಿ ಪ್ರಾರ್ಥನೆಯ ದಿನ. ಆ ಔತಣಕ್ಕೆ ‘ಮೊದಲ ಥ್ಯಾಂಕ್ಸ್‌ಗಿವಿಂಗ್’ ಎಂಬ ಪಟ್ಟ ಕಟ್ಟಿದ್ದು 220 ವರ್ಷಗಳ ನಂತರ, 1841ರಲ್ಲಿ, ವಿನ್ಸ್‌ಲೋ ಪತ್ರವನ್ನು ಮತ್ತೆ ಅಚ್ಚು ಹಾಕಿಸಿದ ಅಲೆಕ್ಸಾಂಡರ್ ಯಂಗ್ ಎಂಬ ಪಾದ್ರಿ. ಅದೂ ಒಂದು ಅಡಿಟಿಪ್ಪಣಿಯಲ್ಲಿ. ಔತಣ ಕೊಟ್ಟವರ ಮತ್ತು ಉಂಡವರ ಸ್ನೇಹವೂ ಬಹಳ ಕಾಲ ಬಾಳಲಿಲ್ಲ. 1675ರಲ್ಲಿ ಶುರುವಾದ ಯುದ್ಧದಲ್ಲಿ ಮ್ಯಾಸಸೋಯಿಟ್‌ನ ಮಗ ಮೆಟಾಕಾಮ್ ಸತ್ತ, ವಾಂಪನೋಗರು ದಿಕ್ಕಾಪಾಲಾದರು. 1970ರಿಂದ ಪ್ರತಿ ವರ್ಷ ಇದೇ ಗುರುವಾರ ಮೂಲನಿವಾಸಿಗಳು ಪ್ಲಿಮತ್‌ನಲ್ಲಿ ಸೇರಿ ರಾಷ್ಟ್ರೀಯ ಶೋಕದಿನ ಆಚರಿಸುತ್ತಾರೆ. ಟರ್ಕಿಯ ಹಕ್ಕನ್ನು 1621ರ ಆಧಾರದ ಮೇಲೆ ಕಟ್ಟುವವರ ವಾದ ಹೀಗೆ ಎರಡು ಕಡೆಯಿಂದಲೂ ಸಡಿಲ.

ಒಬ್ಬ ಸಂಪಾದಕಿಯ ಪಟ್ಟು

ಹಾಗಾದರೆ ಟರ್ಕಿ ಆ ಜಾಗಕ್ಕೆ ಬಂದದ್ದು ಹೇಗೆ? ಇದರ ಹಿಂದೆ ಸಾರಾ ಜೋಸೆಫಾ ಹೇಲ್ ಎಂಬ ನ್ಯೂ ಹ್ಯಾಂಪ್‌ಶೈರ್‌ನ ಮಹಿಳೆಯ ಛಲ ದೊಡ್ಡದು. ನಮ್ಮ ಇಂಗ್ಲಿಷ್ ಶಾಲೆಗಳ ಮಕ್ಕಳು ಇಂದಿಗೂ ಹಾಡುವ ಮೇರಿಯ ಕುರಿಮರಿಯ ಪದ್ಯ ಇವರು 1830ರಲ್ಲಿ ಪ್ರಕಟಿಸಿದ್ದು. ಅದಕ್ಕೂ ಮುಂಚೆ, 1827ರಲ್ಲಿ ಬಂದ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ಒಂದು ಥ್ಯಾಂಕ್ಸ್‌ಗಿವಿಂಗ್ ಊಟವನ್ನು ಅವರು ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದರು. ಅಲ್ಲಿ ಬೇಯಿಸಿದ ಟರ್ಕಿಗೆ ಮೇಜಿನ ಅಗ್ರಸ್ಥಾನ. ಸುತ್ತ ಹೆಬ್ಬಾತು, ಬಾತು, ಕೋಳಿಮಾಂಸದ ಪೈ, ಇನ್ನೂ ಹಲವು ಬಗೆ. ಮುಂದೆ ‘ಗೋಡೀಸ್ ಲೇಡೀಸ್ ಬುಕ್’ ಎಂಬ ಪ್ರಭಾವಿ ಪತ್ರಿಕೆಯ ಸಂಪಾದಕಿಯಾಗಿ ಅವರು ವರ್ಷಗಟ್ಟಲೆ ಸಂಪಾದಕೀಯ ಬರೆದರು, ಗವರ್ನರುಗಳಿಗೂ ಅಧ್ಯಕ್ಷರಿಗೂ ಪತ್ರ ಬರೆದರು. ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ತಮ್ಮ ತಮ್ಮ ದಿನಾಂಕಕ್ಕೆ ಆಚರಿಸುತ್ತಿದ್ದ ಹಬ್ಬ ಇಡೀ ದೇಶಕ್ಕೆ ಒಂದೇ ದಿನ ಆಗಬೇಕು ಎಂಬುದು ಅವರ ಬೇಡಿಕೆ. ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಗೊತ್ತುಮಾಡಿದರು. ಕಾನೂನು ಮಾಡಿ ನಾಲ್ಕನೆಯ ಗುರುವಾರ ಎಂದು ನಿಗದಿಪಡಿಸಿದ್ದು 1941ರಲ್ಲಿ.

ಹೇಲ್ ಅವರು ಟರ್ಕಿಯನ್ನು ಹುಟ್ಟುಹಾಕಲಿಲ್ಲ. ತಮ್ಮ ಸೀಮೆಯ ರೈತರ ಮನೆಯಲ್ಲಿ ಕಂಡದ್ದನ್ನು ದೇಶಕ್ಕೆ ಹಂಚಿದರು. ರೈತರ ಆಯ್ಕೆಗೆ ಗಟ್ಟಿ ಕಾರಣಗಳಿದ್ದವು. ಹಸು ಹಾಲಿಗೆ ಬೇಕು, ಹೇಂಟೆ ಮೊಟ್ಟೆಗೆ ಬೇಕು, ಎತ್ತು ಉಳಲು ಬೇಕು. ಟರ್ಕಿಯನ್ನು ಸಾಕುತ್ತಿದ್ದುದು ಮಾಂಸಕ್ಕೆ ಮಾತ್ರ. ವಸಂತದಲ್ಲಿ ಒಡೆದ ಮರಿ ಬೇಸಿಗೆಯಿಡೀ ಹೊಲದಲ್ಲಿ ಮಿಡತೆ, ಹುಳು, ಉದುರಿದ ಕಾಳು ಮೇದು ನವೆಂಬರಿನ ಹೊತ್ತಿಗೆ ಬಲಿತು ಕೊಬ್ಬಿರುತ್ತಿತ್ತು. ಒಂದು ಹಕ್ಕಿ ಕೊಯ್ದರೆ ಇಡೀ ಮನೆತನಕ್ಕೆ ಊಟ. ಸುಗ್ಗಿಯ ಹಬ್ಬಕ್ಕೆ ಇದಕ್ಕಿಂತ ಹೊಂದುವ ಪ್ರಾಣಿ ಆ ಹಟ್ಟಿಯಲ್ಲಿ ಬೇರೆ ಇರಲಿಲ್ಲ.

1864ರಲ್ಲಿ ನ್ಯೂಯಾರ್ಕಿನ ಯೂನಿಯನ್ ಲೀಗ್ ಕ್ಲಬ್ಬಿನವರು ಜನರಿಂದ ಟರ್ಕಿ ಸಂಗ್ರಹಿಸಿ ವರ್ಜೀನಿಯಾದ ರಣರಂಗದಲ್ಲಿದ್ದ ಸೈನಿಕರಿಗೆ ಕಳಿಸಿದರು. 1943ರಲ್ಲಿ ನಾರ್ಮನ್ ರಾಕ್‌ವೆಲ್ ಬರೆದ ಚಿತ್ರವೊಂದು ಪ್ರಕಟವಾಯಿತು: ಬಿಳಿ ಮೇಜುವಸ್ತ್ರ, ನಗುವ ಬಂಧುಗಳು, ದೊಡ್ಡ ಟರ್ಕಿ ಇಟ್ಟ ತಟ್ಟೆಯನ್ನು ಮೇಜಿಗಿಳಿಸುತ್ತಿರುವ ಅಜ್ಜಿ. ಬಡತನದಿಂದ ಬಿಡುಗಡೆ ಎಂಬ ಅಧ್ಯಕ್ಷ ರೂಸ್‌ವೆಲ್ಟರ ಆಶಯಕ್ಕೆ ಆ ಚಿತ್ರ ರೂಪ ಕೊಟ್ಟಿತು. ಆಮೇಲೆ ಟರ್ಕಿಯ ಪಟ್ಟ ಅಲುಗಾಡಲಿಲ್ಲ.

ಆ ನೆಲದ ಹಕ್ಕಿ

ಟರ್ಕಿಯ ನಿಜವಾದ ಚರಿತ್ರೆ ಪ್ಲಿಮತ್‌ಗಿಂತ ಬಹಳ ಹಳೆಯದು, ಬಹಳ ದೊಡ್ಡದು. ಹಂದಿ, ದನ, ಕುರಿ, ನಾವು ತಿನ್ನುವ ಕೋಳಿ, ಇವೆಲ್ಲ ಅಮೆರಿಕ ಖಂಡಕ್ಕೆ ಹಡಗಿನಲ್ಲಿ ಹೋದವು. ಟರ್ಕಿ ಅಲ್ಲಿಯದೇ. ಮೆಕ್ಸಿಕೋದಲ್ಲಿ ಅದನ್ನು ಪಳಗಿಸಿ ಎರಡು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಹದಿನಾರನೆಯ ಶತಮಾನದಲ್ಲಿ ಬರ್ನಾರ್ಡಿನೋ ದ ಸಹಾಗುನ್ ಎಂಬ ಸ್ಪೇನಿನ ಪಾದ್ರಿ ಆಜ್ಟೆಕ್ ಜನರ ಬದುಕನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿದ. ಆ ಗ್ರಂಥದಲ್ಲಿ ಮಾಂಸಗಳ ಪೈಕಿ ಟರ್ಕಿಗೇ ಮೊದಲ ಮಣೆ. ಒಣಮೆಣಸಿನಕಾಯಿ, ಎಳ್ಳು, ಮಸಾಲೆ, ಚೂರು ಚಾಕೊಲೇಟ್ ಅರೆದು ಮಾಡುವ ಮೋಲೆ ಎಂಬ ಗಟ್ಟಿ ಗೊಜ್ಜಿನಲ್ಲಿ ಟರ್ಕಿ ಬೇಯಿಸುವುದು ಇಂದಿಗೂ ಮೆಕ್ಸಿಕೋದಲ್ಲಿ ಮದುವೆ, ಹಬ್ಬಗಳ ಅಡುಗೆ.

ಸ್ಪೇನಿನವರ ಹಡಗು ಹತ್ತಿ ಟರ್ಕಿ ಯುರೋಪಿಗೆ ಹೋಯಿತು. ಭಾರತಕ್ಕೂ ಬಂತು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾದ ಪೋರ್ಚುಗೀಸರಿಂದ ಅಪರೂಪದ ವಸ್ತುಗಳನ್ನು ಕೊಂಡು ಜಹಾಂಗೀರನ ಆಸ್ಥಾನಕ್ಕೆ ತಂದಾಗ ಅದರಲ್ಲಿ ಒಂದು ಟರ್ಕಿಯೂ ಇತ್ತು. ಹಕ್ಕಿಯ ತಲೆ ಮತ್ತು ಕತ್ತಿನ ಬಣ್ಣ ಗಳಿಗೆಗೊಂದು ರೀತಿ ಬದಲಾಗುವುದನ್ನು ಬಾದಷಹ ತನ್ನ ದಿನಚರಿಯಲ್ಲಿ ಬೆರಗಿನಿಂದ ಬರೆದಿದ್ದಾನೆ. ಅವನ ಆಸ್ಥಾನದ ಉಸ್ತಾದ್ ಮನ್ಸೂರ್ ಬಿಡಿಸಿದ ಆ ಹಕ್ಕಿಯ ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಕೆಂಪು ಜೋತುಚರ್ಮ, ಮೇಲೆ ನೀಲಿ ಛಾಯೆಯ ಬೋಳುತಲೆ, ಒಂದೊಂದೇ ಎಣಿಸಬಹುದಾದಷ್ಟು ನವಿರಾಗಿ ಬರೆದ ಗರಿಗಳು; ಹಕ್ಕಿಯನ್ನು ಎದುರಿಗಿಟ್ಟುಕೊಂಡು ತಾಳ್ಮೆಯಿಂದ ನೋಡಿದವನ ಕೈ ಅದು.

ಟರ್ಕಿ ಆ ನೆಲದ್ದೇ ಎಂಬುದು ಅದರ ಪರವಾಗಿ ಚರಿತ್ರೆ ಹೇಳುವ ಗಟ್ಟಿ ಮಾತು. ಮೇಜಿನ ಮೇಲಿನ ಜೋಳ, ಕುಂಬಳ, ಸಿಹಿಗೆಣಸು, ಆಲೂಗಡ್ಡೆ, ಬೀನ್ಸ್, ಕ್ರ್ಯಾನ್‌ಬೆರಿ ಇವೆಲ್ಲವೂ ಅಮೆರಿಕ ಖಂಡಗಳ ಮೂಲನಿವಾಸಿಗಳು ಉಳಿಸಿ ಬೆಳೆಸಿದ ಪದಾರ್ಥಗಳು. ಅವುಗಳ ನಡುವೆ ಅವರೇ ಪಳಗಿಸಿದ ಹಕ್ಕಿ ಇರುವುದು ಸಹಜ, ನ್ಯಾಯ. ಕೃತಜ್ಞತೆಯ ಹಬ್ಬದಲ್ಲಿ ಆ ಕೃತಜ್ಞತೆ ಯಾರಿಗೆ ಸಲ್ಲಬೇಕು ಎಂಬುದನ್ನು ಆ ಊಟವೇ ನೆನಪಿಸುತ್ತದೆ.

ರುಚಿಯ ದೂರು ಎಷ್ಟು ನಿಜ?

ಟರ್ಕಿಯ ಮೇಲಿನ ಅತಿ ಹಳೆಯ ದೂರು ಒಣಮಾಂಸದ್ದು. ದೂರು ಸುಳ್ಳಲ್ಲ, ಆದರೆ ಅಪರಾಧ ಹಕ್ಕಿಯದಲ್ಲ.

ಟರ್ಕಿ ಹೊತ್ತೆಲ್ಲ ನಡೆದಾಡುವ ಹಕ್ಕಿ. ದಿನವಿಡೀ ದುಡಿಯುವ ಕಾಲು ಮತ್ತು ತೊಡೆಯ ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಹೆಚ್ಚು, ಹಾಗಾಗಿ ಆ ಮಾಂಸ ಕಪ್ಪು ಛಾಯೆಯದು. ಅದರಲ್ಲಿ ಕೊಬ್ಬೂ ಇದೆ, ಕೊಲಾಜೆನ್ ಎಂಬ ಗಟ್ಟಿ ನಾರೂ ಇದೆ. ಆ ನಾರು ಕರಗಿ ಮೃದುವಾಗಲು ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖ, ಸಾಕಷ್ಟು ಹೊತ್ತು ಬೇಕು. ಎದೆಯದು ಬೇರೆ ಕಥೆ. ಅಪಾಯ ಬಂದಾಗ ಒಮ್ಮೆ ರಭಸದಿಂದ ಹಾರಲು ಮಾತ್ರ ಬಳಸುವ ಸ್ನಾಯು ಅದು, ಬಿಳಿ, ಕೊಬ್ಬಿಲ್ಲದ್ದು. 65 ಡಿಗ್ರಿ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಅದು ನೀರು ಬಿಡುತ್ತ ಹೋಗುತ್ತದೆ. ಕೋಳಿಮಾಂಸ 74 ಡಿಗ್ರಿ ಮುಟ್ಟಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಏಳು ಕಿಲೋ ಹಕ್ಕಿಯನ್ನು ಇಡಿಯಾಗಿ ಓವನ್ನಿಗೆ ಇಟ್ಟರೆ ಸುಮಾರು ನಾಲ್ಕು ಗಂಟೆ ಬೇಕು. ಒಳಗಿರುವ ತೊಡೆಯ ಸಂದು ಹದವಾಗಿ ಬೇಯುವಷ್ಟರಲ್ಲಿ ಮೇಲ್ಮುಖವಾಗಿರುವ ಎದೆ ಹದ ಮೀರಿ ಬಹಳ ಹೊತ್ತಾಗಿರುತ್ತದೆ. ಹೊಟ್ಟೆಯೊಳಗೆ ಬ್ರೆಡ್ಡಿನ ಸ್ಟಫಿಂಗ್ ತುಂಬಿದರಂತೂ ಅದೂ 74 ಡಿಗ್ರಿ ಮುಟ್ಟುವವರೆಗೆ ಕಾಯಬೇಕು. ಎದೆಯ ಗತಿ ಅಷ್ಟೇ.

ಪರಿಹಾರ ಸರಳ. ಹಕ್ಕಿಯನ್ನು ಬಿಡಿಸಿ ಬೇಯಿಸುವುದು. ಹಿಂದಿನ ದಿನವೇ ಕಾಲು-ತೊಡೆಗಳನ್ನು ಬೇರೆ ಮಾಡಿ, ಎಲ್ಲ ತುಂಡುಗಳಿಗೂ ಉಪ್ಪು ತಿಕ್ಕಿ, ಮುಚ್ಚದೆ ಫ್ರಿಜ್ಜಿನಲ್ಲಿಡಬೇಕು. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ. ಆಮೇಲೆ ಆ ನೀರಿನೊಡನೆ ಒಳಗಿಳಿದು ಸ್ನಾಯುವಿನ ಪ್ರೋಟೀನನ್ನು ಸಡಿಲಿಸಿ, ಬೇಯುವಾಗ ರಸ ಹಿಡಿದಿಡುವಂತೆ ಮಾಡುತ್ತದೆ. ಗಾಳಿಗೆ ಚರ್ಮ ಒಣಗುವುದರಿಂದ ಮರುದಿನ ಗರಿಗರಿಯಾಗುತ್ತದೆ. ಬೆನ್ನು ಮತ್ತು ಕತ್ತಿನ ಎಲುಬನ್ನು ಈರುಳ್ಳಿ, ಕ್ಯಾರೆಟ್ ಹಾಕಿ ಕುದಿಸಿದರೆ ಗ್ರೇವಿಗೆ ಬೇಕಾದ ಕಟ್ಟು ಸಿದ್ಧ. ಹಬ್ಬದ ದಿನ ಕಾಲು-ತೊಡೆಗಳನ್ನು ಅದೇ ಕಟ್ಟಿನಲ್ಲಿ ಅರ್ಧ ಮುಳುಗಿಸಿ, ಮುಚ್ಚಳ ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಮಾಂಸ ಎಲುಬಿನಿಂದ ತಾನಾಗಿ ಬಿಡುತ್ತದೆ. ಎದೆಯನ್ನು ಪ್ರತ್ಯೇಕವಾಗಿ ಓವನ್ನಿಗಿಟ್ಟು, ಅತಿ ದಪ್ಪವಾದ ಜಾಗದಲ್ಲಿ ಥರ್ಮಾಮೀಟರ್ ಚುಚ್ಚಿ, 74 ತೋರಿಸಿದ ತಕ್ಷಣ ಹೊರಗೆ ತೆಗೆಯಬೇಕು. ಇಪ್ಪತ್ತು ನಿಮಿಷ ಹಾಗೇ ಬಿಟ್ಟು ಆಮೇಲೆ ಅಡ್ಡಕ್ಕೆ ಹೋಳು ಮಾಡಿದರೆ ತಟ್ಟೆಯಲ್ಲಿ ರಸ ಒಸರುವುದು ಕಾಣುತ್ತದೆ. ಇದನ್ನು ಒಮ್ಮೆ ತಿಂದವರು ಟರ್ಕಿ ಸಪ್ಪೆ ಎನ್ನಲಾರರು. ಬೆನ್ನೆಲುಬು ಕತ್ತರಿಸಿ ತೆಗೆದು ಹಕ್ಕಿಯನ್ನು ಚಪ್ಪಟೆ ಮಾಡಿ ಬೇಯಿಸುವ ಇನ್ನೊಂದು ಕ್ರಮವೂ ಒಳ್ಳೆಯದೇ, ಸಮಯ ಅರ್ಧಕ್ಕಿಳಿಯುತ್ತದೆ.

ಹಾಗಿದ್ದರೂ ಇಡಿಯಾಗಿ ಬೇಯಿಸುವ ಹಟ ಯಾಕೆ? ರಾಕ್‌ವೆಲ್ ಚಿತ್ರದ ಅಜ್ಜಿಯ ಹಾಗೆ ಇಡೀ ಹಕ್ಕಿಯನ್ನು ಮೇಜಿಗೆ ತರುವ ಆ ಒಂದು ನಿಮಿಷಕ್ಕಾಗಿ. ನೋಟಕ್ಕೆ ಬೆಲೆ ಇಲ್ಲ ಎನ್ನಲಾರೆ. ಆದರೆ ಆ ಒಂದು ನಿಮಿಷದ ನೋಟಕ್ಕೆ ಇಡೀ ಊಟದ ರುಚಿಯನ್ನು ತೆತ್ತು, ಬೈಗುಳವನ್ನು ಹಕ್ಕಿಯ ತಲೆಗೆ ಕಟ್ಟುವುದು ಅನ್ಯಾಯ.

ಟರ್ಕಿ ತಿಂದರೆ ನಿದ್ದೆ ಬರುತ್ತದೆ ಎಂಬ ಇನ್ನೊಂದು ಆರೋಪವಿದೆ. ಅದರಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಂಶ ಕಾರಣ ಎನ್ನುತ್ತಾರೆ. ಅದು ಕೋಳಿಯಲ್ಲೂ ಅಷ್ಟೇ ಇದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಆಲೂಗಡ್ಡೆ, ಬ್ರೆಡ್, ಪೈ, ವೈನ್ ಇಳಿಸಿದವರಿಗೆ ಕಣ್ಣು ಎಳೆಯಲು ಬೇರೆ ಕಾರಣ ಬೇಕಿಲ್ಲ.

ಖರ್ಚು ಮತ್ತು ಶ್ರಮ

ಖರ್ಚಿನ ಲೆಕ್ಕದಲ್ಲಿ ಟರ್ಕಿ ಸುಲಭವಾಗಿ ಗೆಲ್ಲುತ್ತದೆ. ಅಮೆರಿಕನ್ ಫಾರ್ಮ್ ಬ್ಯೂರೋ 1986ರಿಂದ ಪ್ರತಿ ವರ್ಷ ಹತ್ತು ಜನರ ಥ್ಯಾಂಕ್ಸ್‌ಗಿವಿಂಗ್ ಊಟದ ಬೆಲೆ ಲೆಕ್ಕ ಹಾಕುತ್ತದೆ. 2024ರಲ್ಲಿ ಅದು 58 ಡಾಲರ್ 8 ಸೆಂಟ್. ಅದರಲ್ಲಿ 16 ಪೌಂಡಿನ, ಅಂದರೆ ಏಳು ಕಿಲೋ ಮೀರಿದ ಟರ್ಕಿಗೆ 25 ಡಾಲರ್ 67 ಸೆಂಟ್. ತಲೆಗೆ ಎರಡೂವರೆ ಡಾಲರಿನ ಆಸುಪಾಸಿಗೆ ಹಬ್ಬದ ಮಾಂಸ. ಹತ್ತು ಜನರಿಗೆ ಒಳ್ಳೆಯ ದನದ ಮಾಂಸ ತರಬೇಕಾದರೆ ಇದರ ಎಷ್ಟೋ ಪಟ್ಟು ಆದೀತು. ಗಿರಾಕಿಗಳನ್ನು ಒಳಕ್ಕೆ ಸೆಳೆಯಲು ದೊಡ್ಡ ಅಂಗಡಿಗಳು ಹಬ್ಬದ ವಾರ ಟರ್ಕಿಯನ್ನು ಅಸಲಿಗಿಂತ ಕಡಿಮೆಗೂ ಮಾರುತ್ತವೆ. ಬಡವರ ಮನೆಗೂ ಹಬ್ಬ ಮುಟ್ಟಲು ಇದೇ ದಾರಿ. ದೇಶದಾದ್ಯಂತ ಚರ್ಚುಗಳೂ ಅನ್ನದಾನ ಕೇಂದ್ರಗಳೂ ಈ ವಾರ ಹಂಚುವುದು ಟರ್ಕಿಯನ್ನೇ.

ಶ್ರಮದ ಲೆಕ್ಕ ಬೇರೆ. ಹೆಪ್ಪುಗಟ್ಟಿದ ಹಕ್ಕಿ ಫ್ರಿಜ್ಜಿನಲ್ಲಿ ಕರಗಲು ಪ್ರತಿ ಎರಡು ಕಿಲೋಗೆ ಒಂದು ದಿನ ಬೇಕು. ಏಳು ಕಿಲೋ ಹಕ್ಕಿಯನ್ನು ಭಾನುವಾರವೇ ಕೆಳಗಿಳಿಸದಿದ್ದರೆ ಗುರುವಾರ ಒಳಗೆ ಮಂಜುಗಡ್ಡೆ. 1981ರಿಂದ ಬಟರ್‌ಬಾಲ್ ಕಂಪನಿ ಟರ್ಕಿ ಬೇಯಿಸುವವರಿಗೆಂದೇ ಫೋನ್ ಸಹಾಯವಾಣಿ ನಡೆಸುತ್ತಿದೆ. ಜನ ಎಷ್ಟು ತಬ್ಬಿಬ್ಬಾಗುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿ. ಅಡುಗೆಮನೆಗಳಲ್ಲಿ ಬೆಂಕಿ ಹೊತ್ತಿಕೊಳ್ಳುವ ಪ್ರಕರಣ ಅಮೆರಿಕದಲ್ಲಿ ವರ್ಷಕ್ಕೆಲ್ಲ ಅತಿ ಹೆಚ್ಚು ಆಗುವುದೂ ಥ್ಯಾಂಕ್ಸ್‌ಗಿವಿಂಗ್ ದಿನವೇ. ಪೂರ್ತಿ ಕರಗದ ಹಕ್ಕಿಯನ್ನು ಕುದಿಯುವ ಎಣ್ಣೆಗೆ ಇಳಿಸಿದರೆ ಮಂಜು ಒಮ್ಮೆಲೇ ಆವಿಯಾಗಿ ಎಣ್ಣೆ ಉಕ್ಕಿ ಬೆಂಕಿಗೆ ಬೀಳುತ್ತದೆ. ಇಡೀ ಹಕ್ಕಿಯನ್ನು ಎಣ್ಣೆಯಲ್ಲಿ ಕರಿಯುವ ರೂಢಿಯನ್ನು ಮನೆಗಳಲ್ಲಿ ಕೈಬಿಡುವುದೇ ಕ್ಷೇಮ. ಬಿಡಿಸಿ ಬೇಯಿಸುವ ಕ್ರಮದಲ್ಲಿ ಈ ಗಾಬರಿಯ ಬಹುಪಾಲು ಇಲ್ಲ.

ಹಕ್ಕಿಯ ಬದುಕು

ನಾಲ್ಕು ಪ್ರಶ್ನೆಗಳಲ್ಲಿ ಟರ್ಕಿಯ ಪರ ವಾದಿಸುವವರು ತಲೆತಗ್ಗಿಸಬೇಕಾದದ್ದು ಇಲ್ಲಿ.

ಕಾಡು ಟರ್ಕಿ ಮರದ ಮೇಲೆ ಮಲಗುತ್ತದೆ, ಸ್ವಲ್ಪ ದೂರಕ್ಕಾದರೆ ಬಲು ವೇಗವಾಗಿ ಹಾರುತ್ತದೆ. ಬೇಟೆ ಮತ್ತು ಕಾಡುನಾಶದಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಳಿವಿನಂಚಿಗೆ ಹೋಗಿದ್ದ ಅದನ್ನು ಅಮೆರಿಕದವರು ಹಿಡಿದು ಹೊಸ ಕಾಡುಗಳಿಗೆ ಬಿಟ್ಟು, ಬೇಟೆಗೆ ಕಟ್ಟುಪಾಡು ಹಾಕಿ ಲಕ್ಷಗಟ್ಟಲೆ ಸಂಖ್ಯೆಗೆ ಮರಳಿ ತಂದರು. ವನ್ಯಜೀವಿ ರಕ್ಷಣೆಯ ದೊಡ್ಡ ಗೆಲುವುಗಳಲ್ಲಿ ಅದೂ ಒಂದು. ಅದೇ ದೇಶದಲ್ಲಿ ಸಾಕಿದ ಟರ್ಕಿಯ ಪಾಡು ತಲೆಕೆಳಗಾಯಿತು.

ಇಂದು ಮಾರುಕಟ್ಟೆಯಲ್ಲಿರುವುದು ಹೆಚ್ಚುಕಡಿಮೆ ಒಂದೇ ತಳಿ, ಅಗಲ ಎದೆಯ ಬಿಳಿ ಟರ್ಕಿ. ಎದೆ ಮಾಂಸಕ್ಕೆ ಬೇಡಿಕೆ ಎಂದು ಎದೆಯನ್ನೇ ಹಿಗ್ಗಿಸುತ್ತ ಹೋದರು. ಪುಕ್ಕ ಕಿತ್ತ ಮೇಲೆ ಚರ್ಮದಲ್ಲಿ ಕಪ್ಪು ಚುಕ್ಕೆ ಕಾಣಬಾರದೆಂದು ಬಿಳಿ ಬಣ್ಣ ಆರಿಸಿದರು. 1960ರ ಸುಮಾರಿಗೆ ಸಾಕು ಟರ್ಕಿಯ ಸರಾಸರಿ ತೂಕ 15 ಪೌಂಡ್ ಇತ್ತು; ಈಗ ಅದರ ಎರಡು ಪಟ್ಟು. ಈ ಹಕ್ಕಿ ಹಾರಲಾರದು. ಎದೆಯ ಭಾರಕ್ಕೆ ಗಂಡು ಹೆಣ್ಣು ಸಹಜವಾಗಿ ಕೂಡಲೂ ಆಗದು; ಹಾಗಾಗಿ ಇಡೀ ಉದ್ಯಮ ನಡೆಯುವುದು ಕೃತಕ ಗರ್ಭಧಾರಣೆಯ ಮೇಲೆ. ಸಾವಿರಾರು ಹಕ್ಕಿಗಳನ್ನು ಒಂದೇ ಕೊಟ್ಟಿಗೆಯಲ್ಲಿ ತುಂಬುತ್ತಾರೆ, ಒಂದನ್ನೊಂದು ಕುಕ್ಕದಂತೆ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಅಷ್ಟು ತೂಕ ಹೊರಲಾರದೆ ಎಷ್ಟೋ ಹಕ್ಕಿಗಳ ಕಾಲು ಸೊಟ್ಟಾಗುತ್ತವೆ. ಪ್ರಾಣಿಗಳನ್ನು ಹಿಂಸೆಯಿಲ್ಲದೆ ಕೊಲ್ಲಬೇಕೆಂದು 1958ರಲ್ಲಿ ಮಾಡಿದ ಕಾನೂನು ಕೋಳಿ, ಟರ್ಕಿಗಳಿಗೆ ಅನ್ವಯಿಸುವುದೇ ಇಲ್ಲ. ಒಂದೇ ತಳಿ, ಒಂದೇ ಕಡೆ ಗುಂಪು; ರೋಗ ಹೊಕ್ಕರೆ ಉಳಿಗಾಲವಿಲ್ಲ. 2015ರ ಹಕ್ಕಿಜ್ವರದಲ್ಲಿ ಟರ್ಕಿ ಸಾಕಣೆಗೆ ಹೆಸರಾದ ಮಿನ್ನೆಸೋಟ ರಾಜ್ಯವೊಂದೇ ಸುಮಾರು 90 ಲಕ್ಷ ಹಕ್ಕಿಗಳನ್ನು ಕಳೆದುಕೊಂಡಿತು. 2022ರಿಂದ ಮತ್ತೆ ಅದೇ ಗೋಳು.

1989ರಿಂದ ಪ್ರತಿ ವರ್ಷ ಅಧ್ಯಕ್ಷರು ಶ್ವೇತಭವನದಲ್ಲಿ ಟರ್ಕಿಗೆ ವಿಧಿವತ್ತಾಗಿ ಕ್ಷಮಾದಾನ ನೀಡುತ್ತಾರೆ. ಹಾಗೆ ಬದುಕುಳಿದ ಹಕ್ಕಿಗಳಲ್ಲಿ ಹೆಚ್ಚಿನವು ಆಮೇಲೆ ಬಹಳ ಕಾಲ ಬಾಳಿಲ್ಲ. ಬೇಗ ಬೆಳೆದು ಬೇಗ ಸಾಯಲೆಂದೇ ರೂಪಿಸಿದ ದೇಹಕ್ಕೆ ದೀರ್ಘಾಯುಷ್ಯ ಹೇಗೆ ಬಂದೀತು?

ಬೇರೆ ದಾರಿ ಇಲ್ಲವೆಂದಲ್ಲ. 1930ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯೇ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಚಿಕ್ಕ ಸಂಸಾರಕ್ಕೂ ಚಿಕ್ಕ ಓವನ್ನಿಗೂ ಹೊಂದುವ ಸಣ್ಣ ಬಿಳಿ ಟರ್ಕಿಯನ್ನು ಅಭಿವೃದ್ಧಿಪಡಿಸಿತ್ತು. ದೊಡ್ಡ ತಳಿಗಳ ಭರಾಟೆಯಲ್ಲಿ ಅದು ತಾಯ್ನಾಡಿನಲ್ಲೇ ಮೂಲೆ ಸೇರಿತು. ಭಾರತದ ಟರ್ಕಿ ಸಾಕಣೆದಾರರಿಗೆ ಮಾತ್ರ ಈಗಲೂ ಪರಿಚಿತ. ಬೋರ್ಬನ್ ರೆಡ್, ನ್ಯಾರಗ್ಯಾನ್ಸೆಟ್, ಬ್ರಾಂಜ್ ಮುಂತಾದ ಹಳೆಯ ತಳಿಗಳು 1997ರ ಎಣಿಕೆಯ ಹೊತ್ತಿಗೆ ಎಲ್ಲ ಸೇರಿಯೂ 1,500 ತಳಿ ಬೆಳೆಸುವ ಹಕ್ಕಿಗಳನ್ನು ಮುಟ್ಟುತ್ತಿರಲಿಲ್ಲ. ತಳಿ ಸಂರಕ್ಷಕರು ಹಟ ತೊಟ್ಟು, ಕೊಳ್ಳುವ ಗಿರಾಕಿಗಳನ್ನು ಹುಡುಕಿ ಅವನ್ನು ಚೇತರಿಸಿಕೊಳ್ಳುವಂತೆ ಮಾಡಿದರು. ಇವು ನಿಧಾನಕ್ಕೆ ಬೆಳೆಯುತ್ತವೆ, ಬಯಲಲ್ಲಿ ಮೇಯುತ್ತವೆ, ತಾವಾಗಿ ಮರಿ ಮಾಡುತ್ತವೆ. ನಾಟಿ ಕೋಳಿಗೂ ಬ್ರಾಯ್ಲರ್‌ಗೂ ಇರುವ ರುಚಿಯ ಅಂತರವೇ ಇವಕ್ಕೂ ಅಂಗಡಿಯ ಟರ್ಕಿಗೂ ಇದೆ. ಬೆಲೆಯ ಅಂತರವೂ ಹಾಗೇ.

ಬದಲಿಗೆ ಯಾರು?

ಟರ್ಕಿಯನ್ನು ಎಬ್ಬಿಸಿದರೆ ಆ ಜಾಗದಲ್ಲಿ ಯಾರನ್ನು ಕೂರಿಸುವುದು? ಹೆಚ್ಚು ಕೇಳಿಬರುವುದು ಹಂದಿಯ ಹ್ಯಾಮ್ ಮತ್ತು ದನದ ಪಕ್ಕೆಲುಬಿನ ಮಾಂಸ. ಎರಡೂ ಬೇಯಿಸಲು ಸುಲಭ, ಕೆಡುವುದು ಕಡಿಮೆ. ಆದರೆ ಅಮೆರಿಕದ ಇಂದಿನ ಮೇಜಿನ ಸುತ್ತ ಕೂರುವವರು ಯಾರೆಂದು ಯೋಚಿಸಬೇಕು. ಹ್ಯಾಮ್ ಇಟ್ಟರೆ ಯಹೂದಿಗಳು, ಮುಸ್ಲಿಮರು ಮುಟ್ಟುವುದಿಲ್ಲ. ದನದ ಮಾಂಸ ಇಟ್ಟರೆ ಬಹುಪಾಲು ಹಿಂದೂಗಳು ಮುಟ್ಟುವುದಿಲ್ಲ. ಟರ್ಕಿಗೆ ಮಾಂಸ ತಿನ್ನುವ ಯಾವ ಧರ್ಮದವರ ತಕರಾರೂ ಇಲ್ಲ. ಕೋಷರ್ ಟರ್ಕಿ ಸಿಗುತ್ತದೆ, ಹಲಾಲ್ ಟರ್ಕಿ ಸಿಗುತ್ತದೆ. ವಲಸೆ ಬಂದವರಿಂದಲೇ ತುಂಬಿದ ದೇಶದಲ್ಲಿ, ಯಾವುದೇ ಒಂದು ಧರ್ಮಕ್ಕೆ ಸೇರದ ಹಬ್ಬದಲ್ಲಿ, ಮಾಂಸ ತಿನ್ನುವವರೆಲ್ಲ ಒಂದೇ ತಟ್ಟೆಯಿಂದ ಬಡಿಸಿಕೊಳ್ಳಬಹುದಾದದ್ದು ಇದು. ಮಾಮೂಲಿ ಕೋಳಿಗೂ ಆ ಗುಣವಿದೆ, ಆದರೆ ದಿನನಿತ್ಯದ ಕೋಳಿಗೆ ಹಬ್ಬದ ಕಳೆಯಿಲ್ಲ, ಹತ್ತು ಜನರಿಗೆ ಒಂದು ಸಾಲುವುದೂ ಇಲ್ಲ.

ಮಾಂಸ ತಿನ್ನದವರ ಮಾತೂ ಇದೆ. ಆರಿಗನ್ ರಾಜ್ಯದ ಕಂಪನಿಯೊಂದು 1995ರಲ್ಲಿ ಸೋಯಾ ಮತ್ತು ಗೋಧಿಯ ಪ್ರೋಟೀನಿನಿಂದ ಮಾಡಿದ ಟೋಫರ್ಕಿಯನ್ನು ಮಾರುಕಟ್ಟೆಗೆ ತಂದಿತು. 1986ರಿಂದ ಫಾರ್ಮ್ ಸ್ಯಾಂಕ್ಚುಯರಿ ಎಂಬ ಸಂಸ್ಥೆ ಹಬ್ಬಕ್ಕೆ ಟರ್ಕಿ ತಿನ್ನುವ ಬದಲು ದತ್ತು ತೆಗೆದುಕೊಳ್ಳಿ ಎಂದು ಕೇಳಿಕೊಳ್ಳುತ್ತಿದೆ. ಇವರ ನಿಲುವನ್ನು ಗೌರವಿಸುತ್ತೇನೆ. ಹಾಗೆ ನೋಡಿದರೆ ಈ ಊಟದ ಮುಕ್ಕಾಲು ಭಾಗ ತರಕಾರಿಯೇ. ನಡುವಿನ ತಟ್ಟೆ ಬಿಟ್ಟರೂ ಹೊಟ್ಟೆ ತುಂಬುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮುಕ್ಕಾಲು ಭಾಗ ಮುಖ್ಯ. ನಾಲ್ಕು ದಿನದ ರಜೆ ಸಿಗುವುದರಿಂದ ದೂರದೂರಿನ ಸ್ನೇಹಿತರು, ಬಂಧುಗಳು ಒಂದು ಮನೆಯಲ್ಲಿ ಸೇರುತ್ತಾರೆ. ಕುಂಬಳಕಾಯಿ ಪೈ ಪಕ್ಕದಲ್ಲೇ ಬಿಸಿಬೇಳೆಬಾತ್, ಕೋಸಂಬರಿ ಇರುತ್ತವೆ. ಸಹೋದ್ಯೋಗಿಗಳ ಮನೆಗೆ ಊಟಕ್ಕೆ ಹೋಗುವ ಸಸ್ಯಾಹಾರಿಗಳು ಮೂರು ಪದಾರ್ಥಗಳ ಬಗ್ಗೆ ಸಂಕೋಚವಿಲ್ಲದೆ ಕೇಳಿಕೊಳ್ಳಬೇಕು. ಸ್ಟಫಿಂಗ್ ಹಕ್ಕಿಯ ಹೊಟ್ಟೆಯಲ್ಲಿ ಬೆಂದಿರಬಹುದು, ಗ್ರೇವಿ ಮಾಂಸದ ಕಟ್ಟಿನದು, ಸಿಹಿಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ. ಮಾಂಸ ತಿನ್ನುವ ಮನೆಗಳಲ್ಲಿ ಟರ್ಕಿಗೆ ಶುಂಠಿ, ಬೆಳ್ಳುಳ್ಳಿ, ಧನಿಯ, ಚಕ್ಕೆ, ಲವಂಗ ಹಚ್ಚುವುದುಂಟು. ಟರ್ಕಿ ಬಿರಿಯಾನಿ ಮಾಡುವುದೂ ಉಂಟು. ಕೋಳಿಯನ್ನು ತುಂಡು ಮಾಡಿ, ಎಲುಬಿನ ಸಾರ ಬಿಟ್ಟುಕೊಳ್ಳುವಂತೆ ಮಸಾಲೆಯಲ್ಲಿ ನಿಧಾನಕ್ಕೆ ಬೇಯಿಸುವುದು ನಮ್ಮ ಅಡುಗೆಯ ಮೊದಲ ಪಾಠ. ಟರ್ಕಿಯ ತೊಡೆಗೆ ಬೇಕಾದದ್ದೂ ಅದೇ. ಮೆಕ್ಸಿಕೋದ ಮೋಲೆ ಶತಮಾನಗಳಿಂದ ಹೇಳುತ್ತಿರುವುದೂ ಅದನ್ನೇ.

ತೀರ್ಪು

ಚರಿತ್ರೆ ಟರ್ಕಿಯ ಪರವಾಗಿದೆ, ಪ್ಲಿಮತ್‌ನ ಕಾರಣಕ್ಕಲ್ಲ, ಆ ನೆಲದ ಮೂಲ ಜನರು ಪಳಗಿಸಿ ಜಗತ್ತಿಗೆ ಕೊಟ್ಟ ಹಕ್ಕಿ ಎಂಬ ಕಾರಣಕ್ಕೆ. ರುಚಿ ಅದರ ಪರವಾಗಿದೆ, ಬಿಡಿಸಿ ಬೇಯಿಸುವ ತಾಳ್ಮೆ ಇದ್ದರೆ. ಖರ್ಚು ಅದರ ಪರವಾಗಿದೆ. ಎಲ್ಲ ಧರ್ಮದವರೂ ಒಟ್ಟಿಗೆ ಉಣ್ಣಬಹುದೆಂಬ ಕಾರಣ ಇವೆಲ್ಲಕ್ಕಿಂತ ಮಿಗಿಲು. ವಿರುದ್ಧವಾಗಿ ನಿಲ್ಲುವುದು ಒಂದೇ, ಆದರೆ ಅದು ಸಣ್ಣದಲ್ಲ: ಹಾರಲೂ ಆಗದ ದೇಹ ಕೊಟ್ಟು ಬೆಳೆಸಿದ ಹಕ್ಕಿಯನ್ನು ಕೃತಜ್ಞತೆಯ ಹೆಸರಿನಲ್ಲಿ ಉಣ್ಣುವುದು ಆ ಹಬ್ಬಕ್ಕೆ ಶೋಭೆ ತರುವುದಿಲ್ಲ.

ಹಾಗಾಗಿ ಥ್ಯಾಂಕ್ಸ್‌ಗಿವಿಂಗ್ ಆಚರಿಸುವ ಕನ್ನಡಿಗರಲ್ಲಿ ನನ್ನ ವಿನಂತಿ ಇಷ್ಟೇ. ಮಾಂಸ ತಿನ್ನುವವರಾದರೆ ಟರ್ಕಿಯನ್ನು ಬಿಡಬೇಡಿ, ಆದರೆ ದೊಡ್ಡದನ್ನು ಹುಡುಕಬೇಡಿ. ಸಾಧ್ಯವಿದ್ದವರು ಹತ್ತಿರದ ರೈತನಿಂದ ಹಳೆಯ ತಳಿಯ ಸಣ್ಣ ಹಕ್ಕಿಯನ್ನು ಕೆಲವು ತಿಂಗಳು ಮೊದಲೇ ಹೇಳಿಟ್ಟು ಕೊಳ್ಳಿ. ಒಬ್ಬೊಬ್ಬರಿಗೆ ಎರಡು ತುಂಡು ಕಡಿಮೆ ಬಂದರೂ ತರಕಾರಿ ಬೇಕಾದಷ್ಟಿದೆ. ಅಷ್ಟು ಖರ್ಚು ಮಾಡಲಾಗದವರು ಅಂಗಡಿಯದನ್ನೇ ತನ್ನಿ, ಅದರ ಒಂದು ಚೂರೂ ವ್ಯರ್ಥವಾಗದಂತೆ ಮರುದಿನ ಎಲುಬಿನ ಸಾರು ಮಾಡಿ. ಯಾವುದನ್ನೇ ತಂದರೂ ಕಾಲು, ಎದೆ ಬೇರೆ ಮಾಡಿ ಬೇಯಿಸಿ. ಮಕ್ಕಳು ಊಟಕ್ಕೆ ಕೂತಾಗ ಆ ಹಕ್ಕಿಯನ್ನು, ಆ ಜೋಳವನ್ನು, ಆ ಕುಂಬಳವನ್ನು ಮೊದಲು ಬೆಳೆಸಿದವರು ಯಾರೆಂಬುದನ್ನೂ, ಅವರಿಗೆ ಆಮೇಲೆ ಏನಾಯಿತೆಂಬುದನ್ನೂ ಹೇಳಿ.